ಪರದೆ ಆಪರೇಶನ್ ಆದ ಕಣ್ಣಿಗೆ ಪೆಟ್ಟು ಬಿದ್ರೆ? ಓದುಗರ ಪ್ರಶ್ನೆ, ಕಣ್ಣಿನ ಡಾಕ್ಟರ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ಕಣ್ಣಿನ ಪರದೆ ಕಿತ್ತು ಬರೋ ತೊಂದರೆ ಬಗ್ಗೆ, ಅಂದ್ರೆ ರೆಟಿನಾ ಡಿಟ್ಯಾಚ್‌ಮೆಂಟ್ ಬಗ್ಗೆ ಬರೆದಿದ್ದೆ. ಕಣ್ಣೊಳಗೆ ಮಿಂಚು ಹೊಡೆದಂಗೆ ಆಗೋದು, ಸೊಳ್ಳೆ ಹಾರಿದಂಗೆ ಕಪ್ಪು ಚುಕ್ಕಿಗಳು, ಒಂದು ಪಕ್ಕದಿಂದ ಕರ್ಟನ್ ಎಳೆದಂಗೆ ನೆರಳು ಬರೋದು, ಇವು ಕಂಡ್ರೆ ಅವತ್ತೇ ಹೊರಡಿ, ನೋವಿಲ್ಲ ಅಂತ ಕೂರಬೇಡಿ ಅಂತ ಹೇಳಿದ್ದೆ. ಅದನ್ನ ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಆಪರೇಶನ್‌ಗೆ ಮುಂಚಿನ ಕಥೆ ಅಲ್ಲ, ಆಪರೇಶನ್ ಆದ್ಮೇಲಿನ ಭಯ. ಕಣ್ಣಿಗೆ ಏನೋ ತಗುಲಿತು, ಯಾರೋ ಗುದ್ದಿದ್ರು, ಕೆಮ್ಮು ಬಂತು, ಮಗ್ಗುಲು ತಪ್ಪಿ ಮಲಗಿಬಿಟ್ಟೆ, ಮತ್ತೆ ಕಿತ್ತು ಬರುತ್ತಾ ಅಂತ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ.

ಶುರು ಮಾಡೋಕೆ ಮುಂಚೆ ಒಂದು ಮಾತು. ಪೊರೆ ಬೇರೆ, ಪರದೆ ಬೇರೆ. ಪೊರೆ ಅಂದ್ರೆ ಕಣ್ಣಿನ ಮುಂದುಗಡೆ ಇರೋ ಲೆನ್ಸ್ ಮಬ್ಬಾಗೋದು, ಕ್ಯಾಟರಾಕ್ಟ್. ಪರದೆ ಅಂದ್ರೆ ಕಣ್ಣಿನ ಹಿಂದುಗಡೆ ಗೋಡೆಗೆ ಒಳಗಿನಿಂದ ಅಂಟಿಕೊಂಡಿರೋ ರೆಟಿನಾ, ನಮಗೆ ಕಾಣೋದೇ ಅದರಿಂದ. ಪಕ್ಕದ ಮನೆಯವರಿಗೆ ಪೊರೆ ಆಪರೇಶನ್ ಆಗಿ ನಾಲ್ಕನೇ ದಿನಕ್ಕೆ ಅಡುಗೆ ಮಾಡಿದ್ರು ಅಂತ ನೀವೂ ಹಾಗೇ ಮಾಡೋಕೆ ಹೋಗಬೇಡಿ, ಅವರ ಲೆಕ್ಕ ನಿಮಗೆ ಬರಲ್ಲ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನಗೆ 58 ವರ್ಷ. ಬಲಗಣ್ಣಿನ ಪರದೆ ಬಿಟ್ಟಿದೆ ಅಂತ ಬೆಂಗಳೂರಲ್ಲಿ ಆಪರೇಶನ್ ಆಗಿ ಇವತ್ತಿಗೆ 19 ದಿನ, ಒಳಗೆ ಗ್ಯಾಸ್ ತುಂಬಿದ್ದಾರೆ. ಮೊನ್ನೆ ಸಂಜೆ ಮೂರು ವರ್ಷದ ಮೊಮ್ಮಗ ಓಡಿ ಬಂದು ತೊಡೆ ಹತ್ತೋಕೆ ಹೋದ, ಅವನ ತಲೆ ಸರಿಯಾಗಿ ಅದೇ ಕಣ್ಣಿಗೆ ಬಡೀತು, ಒಂದು ನಿಮಿಷ ಕತ್ತಲೆ ಬಂದಂಗಾಗಿ ಆಮೇಲೆ ಸರಿ ಹೋಯ್ತು, ಆದ್ರೆ ಬೆಳಿಗ್ಗೆ ಕನ್ನಡಿ ನೋಡಿದ್ರೆ ಬಿಳಿ ಭಾಗದಲ್ಲಿ ಕೆಂಪಗೆ ರಕ್ತ ಇಳಿದಂಗಿದೆ, ಒಳಗೆ ಒಂದೇ ಇದ್ದ ಗುಳ್ಳೆ ಈಗ ಮೂರು ನಾಲ್ಕಾಗಿ ಓಡಾಡ್ತಾ ಇದೆ. ಮನೇಲಿ ದೊಡ್ಡ ಗಲಾಟೆ ಆಗೋಗಿದೆ, ಮಗು ನೋಡ್ಕೊಳ್ಳೋಕಾಗಲ್ವಾ ಅಂತ ನನ್ನ ಮಗ ಸೊಸೆ ಮೇಲೆ ರೇಗಿದ, ಅವಳು ಅತ್ತುಕೊಂಡು ಊಟ ಬಿಟ್ಟಿದ್ದಾಳೆ. ಆಪರೇಶನ್ ಮಾಡಿದ ಡಾಕ್ಟ್ರು ಬೈತಾರೇನೋ ಅಂತ ಅವರಿಗಿನ್ನೂ ಹೇಳಿಲ್ಲ, ಮುಂದಿನ ಚೆಕಪ್ ಇನ್ನೂ 11 ದಿನಕ್ಕಿದೆ, ಅಲ್ಲಿವರೆಗೆ ಕಾಯಬಹುದಾ?
ಓದುಗರು, ತರೀಕೆರೆ

ಉತ್ತರ: ಅಮ್ಮ, ಕಾಯಬಾರದು. ಈ ಪತ್ರ ಕೈಗೆ ಬಂದ ದಿನವೇ ನಿಮಗೆ ಫೋನ್ ಮಾಡಿ ಅವತ್ತೇ ಹೋಗಿ ತೋರಿಸಿ ಅಂದಿದ್ದು ಅದಕ್ಕೇ, ಪತ್ರಿಕೆ ಅಚ್ಚಾಗಿ ಬರೋವರೆಗೆ ಇಟ್ಕೊಳ್ಳೋ ವಿಷಯ ಇದಲ್ಲ. ನೀವು ಹೋಗಿ ತೋರಿಸಿ, ಪರದೆ ಅಂಟಿಕೊಂಡೇ ಇದೆ, ಕಣ್ಣೊಳಗಿನ ಪ್ರೆಶರ್ ಸರಿಯಿದೆ ಅಂತ ತಿಳಿದ ಮೇಲೆ, ಬೇರೆಯವರಿಗೂ ಉಪಯೋಗ ಆಗ್ಲಿ ಅಂತ ನೀವೇ ಒಪ್ಪಿದ್ದಕ್ಕೆ ಇದನ್ನ ಇಲ್ಲಿ ಬರೀತಿದೀನಿ.

ನಿಮಗೆ ಆಗಿದ್ದನ್ನ ಒಂದೊಂದಾಗಿ ಹೇಳ್ತೀನಿ. ಬಿಳಿ ಭಾಗದಲ್ಲಿ ಕೆಂಪಗೆ ರಕ್ತ ಇಳಿದಿದ್ದು ಮೇಲ್ಪದರದ ಕೆಳಗಿನ ಸಣ್ಣ ರಕ್ತನಾಳ ಒಡೆದಿದ್ದು, ನೋಡೋಕೆ ಭಯ ಆಗುತ್ತೆ, ಆದ್ರೆ ಅಷ್ಟೇ ಆಗಿದ್ರೆ ಒಂದು ಎರಡು ವಾರದಲ್ಲಿ ತಾನೇ ಕರಗುತ್ತೆ. ಗುಳ್ಳೆ ಒಂದಿದ್ದಿದ್ದು ನಾಲ್ಕಾಗಿದ್ದು ಗ್ಯಾಸ್ ಕರಗ್ತಾ ಬಂದಾಗ ಪೆಟ್ಟಿಲ್ಲದೆಯೂ ಆಗುತ್ತೆ, ತಲೆ ಅಲ್ಲಾಡಿದ್ರೆ ಒಡೆದು ಮತ್ತೆ ಸೇರ್ಕೊಳ್ಳುತ್ತೆ, ಅದರಿಂದ ಪರದೆಗೆ ಹಾನಿ ಇಲ್ಲ. ಎಸ್‌ಎಫ್6 ಅನ್ನೋ ಗ್ಯಾಸ್ ಹಾಕಿದ್ರೆ ಎರಡು ಮೂರು ವಾರಕ್ಕೆ ಕರಗುತ್ತೆ, ಸಿ3ಎಫ್8 ಆದ್ರೆ ಆರರಿಂದ ಎಂಟು ವಾರ ಇರುತ್ತೆ, ಬರೀ ಗಾಳಿ ಆದ್ರೆ ಒಂದು ವಾರದೊಳಗೇ ಹೋಗುತ್ತೆ. ಮೊದಲು ಕಣ್ಣು ಪೂರ್ತಿ ಮಬ್ಬು, ಆಮೇಲೆ ಮೇಲಿನಿಂದ ಕಾಣೋಕೆ ಶುರುವಾಗಿ ನೀರಿನ ಮಟ್ಟ ಥರ ಒಂದು ಗೆರೆ ತುಳುಕಾಡುತ್ತೆ, ದಿನ ಕಳೆದಂಗೆ ಗೆರೆ ಕೆಳಗಿಳಿದು ಕೊನೆಗೆ ಗೋಲಿ ಥರ ಗುಂಡಗಾಗುತ್ತೆ.

ಇಲ್ಲೇ ಬಹಳ ಜನ ಗೊಂದಲ ಮಾಡ್ಕೊಳ್ಳೋದು, ಕೆಳಗಡೆ ಕಾಣೋ ಕಪ್ಪು ಗುಳ್ಳೆಯದ್ದಾ ಅಥವಾ ಪರದೆ ಮತ್ತೆ ಬಿಟ್ಟಿದ್ದಾ ಅಂತ. ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿ. ಗುಳ್ಳೆ ಆದ್ರೆ ಜೊತೆಗೆ ತುಳುಕುತ್ತೆ, ಜಾಗ ಬದಲಾಯಿಸುತ್ತೆ. ಪರದೆ ಬಿಟ್ಟ ನೆರಳು ಆದ್ರೆ ತುಳುಕಲ್ಲ, ಬಂದ ಪಕ್ಕದಲ್ಲೇ ಕೂತಿರುತ್ತೆ, ಇವತ್ತು ಇಷ್ಟು ಇದ್ದಿದ್ದು ನಾಳೆ ಇನ್ನಷ್ಟು ಒಳಗೆ ಬಂದಿರುತ್ತೆ. ಹಾಗೆ ಕಂಡ್ರೆ ಮಾತ್ರ ರಾತ್ರಿ ಅನ್ನಬೇಡಿ, ಭಾನುವಾರ ಅನ್ನಬೇಡಿ.

ಇನ್ನು ನಿಮ್ಮ ಅಸಲಿ ಪ್ರಶ್ನೆ, ಮಗು ತಲೆ ಬಡಿದಿದ್ದಕ್ಕೆ ಪರದೆ ಕಿತ್ತು ಬರುತ್ತಾ. ಮೊದಲು ಪರದೆ ಕಿತ್ತು ಬಂದಿದ್ದು ಯಾಕೆ ಅಂತ ತಿಳ್ಕೊಂಡ್ರೆ ಇದು ಅರ್ಥ ಆಗುತ್ತೆ. ಕಣ್ಣೊಳಗೆ ಮೊಟ್ಟೆಯ ಬಿಳಿ ಥರದ ಒಂದು ಜೆಲ್ ತುಂಬಿರುತ್ತೆ, ವಯಸ್ಸಾದಂಗೆ ಅದು ನೀರಾಗಿ ಕುಗ್ಗುತ್ತೆ, ಕುಗ್ಗುವಾಗ ಪರದೆಯನ್ನ ಎಲ್ಲೋ ಒಂದು ಕಡೆ ಜಗ್ಗಿ ಹರಿಯುತ್ತೆ, ಆ ತೂತಿನಿಂದ ನೀರು ನುಗ್ಗಿ ಪರದೆಯನ್ನ ಗೋಡೆಯಿಂದ ಎಬ್ಬಿಸುತ್ತೆ, ನೀರು ನುಗ್ಗಿದ ವಾಲ್‌ಪೇಪರ್ ಎದ್ದು ಬರುತ್ತಲ್ಲ ಹಾಗೇ. ಆಪರೇಶನ್‌ನಲ್ಲಿ ಆ ಜೆಲ್ ತೆಗೆದು, ನೀರು ಹೀರಿ, ತೂತಿನ ಸುತ್ತ ಲೇಸರ್ ಹಾಕಿ ಬೆಸುಗೆ ಮಾಡ್ತಾರೆ. ಆ ಬೆಸುಗೆ ಗಟ್ಟಿಯಾಗೋಕೆ ಹತ್ತರಿಂದ ಹದಿನಾಲ್ಕು ದಿನ ಬೇಕು, ಅಲ್ಲಿವರೆಗೆ ಪರದೆಯನ್ನ ಒತ್ತಿ ಹಿಡಿಯೋಕೇ ಗ್ಯಾಸ್ ಇರೋದು, ತಲೆ ಬಗ್ಗಿಸಿ ಮಲಗಿ ಅಂದಿದ್ದೂ ಅದಕ್ಕೇ. ನಿಮಗೆ ಪೆಟ್ಟು ಬಿದ್ದಿದ್ದು ಆ ಅವಧಿ ದಾಟಿದ ಮೇಲೆ. ಕಣ್ಣಿಗೆ ಮಾಡಿದ ತೂತುಗಳೂ ಈಗಿನ ಪದ್ಧತಿಯಲ್ಲಿ ಅರ್ಧ ಮಿಲಿಮೀಟರ್ ಆಸುಪಾಸು, ಹೆಚ್ಚಿನವರಿಗೆ ಹೊಲಿಗೆ ಕೂಡ ಬೇಕಾಗಲ್ಲ. ಹಾಗಂತ ಪೆಟ್ಟು ಲೆಕ್ಕಕ್ಕಿಲ್ಲ ಅಂತಲ್ಲ, ಜೋರಾದ ಪೆಟ್ಟಿಗೆ ಒಳಗೆ ರಕ್ತ ಸೋರಬಹುದು, ಪೊರೆ ಆಪರೇಶನ್‌ನಲ್ಲಿ ಲೆನ್ಸ್ ಹಾಕಿದ್ರೆ ಅದು ಜರುಗಬಹುದು, ಪರದೆ ಬೇರೆ ಜಾಗದಲ್ಲಿ ಹರಿಯಬಹುದು, ಅದು ಹೊರಗಿನಿಂದ ಯಾರಿಗೂ ಕಾಣಲ್ಲ. ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕಿ ಒಳಗೆ ನೋಡಿದ್ರೇ ಗೊತ್ತಾಗೋದು.

ಆದ್ರೆ ನನಗೆ ನಿಮ್ಮ ಸೊಸೆ ಬಗ್ಗೆ ಒಂದು ಮಾತು ಹೇಳಲೇಬೇಕು. ಪರದೆ ಆಪರೇಶನ್ ಮೊದಲನೇ ಸಲಕ್ಕೇ ನೂರಕ್ಕೆ 85ರಿಂದ 90 ಜನಕ್ಕೆ ಕೂಡಿಕೊಳ್ಳುತ್ತೆ, ಉಳಿದವರಿಗೆ ಮತ್ತೆ ಬಿಡುತ್ತೆ. ಹಾಗೆ ಮತ್ತೆ ಬಿಡೋಕೆ ದೊಡ್ಡ ಕಾರಣ ಮಗು ತಲೆ ಅಲ್ಲ, ಕೆಮ್ಮು ಅಲ್ಲ, ನಿದ್ದೆಯಲ್ಲಿ ಮಗ್ಗುಲು ತಪ್ಪಿದ್ದಲ್ಲ. ಗಾಯ ಮಾಯುವಾಗ ಚರ್ಮದ ಮೇಲೆ ಕಲೆ ಕಟ್ಟುತ್ತಲ್ಲ, ಅಂಥದ್ದೇ ಒಂದು ಕಲೆಯ ಪದರ ಕೆಲವರ ಪರದೆ ಮೇಲೆ ಬೆಳೆದು ಸುಕ್ಕಾಗಿ ಜಗ್ಗುತ್ತೆ, ಪಿವಿಆರ್ ಅಂತೀವಿ, ಸಾಮಾನ್ಯವಾಗಿ ಮೊದಲ ಎರಡು ಮೂರು ತಿಂಗಳಲ್ಲಿ ಬರೋದು. ಅದು ಯಾರ ತಪ್ಪಿಗೂ ಬರಲ್ಲ, ಎಷ್ಟು ಹುಷಾರಾಗಿದ್ರೂ ಬರಬಹುದು. ಎಷ್ಟೋ ಮನೆಗಳಲ್ಲಿ ನೋಡಿದೀನಿ, ಪರದೆ ಮತ್ತೆ ಬಿಟ್ರೆ ಅವತ್ತು ಯಾರು ಏನು ಮಾಡಿದ್ರು ಅಂತ ಹುಡುಕ್ತಾ ಕೂರ್ತಾರೆ, ಒಂದು ನೆಪ ಸಿಕ್ಕೇ ಸಿಗುತ್ತೆ, ಆ ನೆಪ ಹೊತ್ತವರು ವರ್ಷಗಟ್ಟಲೆ ಹೊರ್ತಾರೆ. ದಯವಿಟ್ಟು ನಿಮ್ಮ ಸೊಸೆಗೆ ಊಟ ಬಡಿಸಿ, ಅವಳ ಪಕ್ಕ ಕೂತು ಇದನ್ನ ಓದಿ ಹೇಳಿ. ಮಗನಿಗೂ ಹೇಳಿ.

ಅಲ್ಲಾಡಬಾರದು, ಉಸಿರೂ ಜೋರಾಗಿ ಬಿಡಬಾರದು ಅನ್ನೋ ಹೆದರಿಕೆ ಹಳೇ ಕಾಲದಿಂದ ಬಂದಿದ್ದು. 1920ರ ದಶಕದವರೆಗೆ ಇದಕ್ಕೆ ಸರಿಯಾದ ಚಿಕಿತ್ಸೆಯೇ ಇರಲಿಲ್ಲ, ಪರದೆ ಬಿಟ್ಟಿತು ಅಂದ್ರೆ ಕಣ್ಣು ಹೋಯ್ತು ಅಂತಲೇ ಲೆಕ್ಕ. ಸ್ವಿಟ್ಜರ್ಲೆಂಡಿನ ಲೊಸಾನ್ ಊರಲ್ಲಿ ಝೂಲ್ ಗೊನಾಂ ಅನ್ನೋ ಡಾಕ್ಟರು, ಎಲ್ಲಕ್ಕೂ ಮೂಲ ಪರದೆಯಲ್ಲಾಗಿರೋ ತೂತು, ಅದನ್ನ ಹುಡುಕಿ ಸುಟ್ಟು ಮುಚ್ಚಿದ್ರೆ ಪರದೆ ಕೂರುತ್ತೆ ಅಂತ ತೋರಿಸಿಕೊಟ್ರು. ಆಮೇಲೂ ಎಷ್ಟೋ ವರ್ಷ ರೋಗಿಗಳನ್ನ ತಲೆಯ ಎರಡೂ ಪಕ್ಕ ಮರಳಿನ ಮೂಟೆ ಇಟ್ಟು ವಾರಗಟ್ಟಲೆ ಅಲ್ಲಾಡದಂಗೆ ಮಲಗಿಸ್ತಿದ್ರು. 1970ರ ಆಸುಪಾಸು ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಕಣ್ಣೊಳಗಿನ ಜೆಲ್ ತೆಗೆಯೋ ಆಪರೇಶನ್ ಶುರು ಮಾಡಿದ್ರು, ನಿಮಗಾಗಿದ್ದು ಅದೇ ದಾರಿಯಲ್ಲಿ ಬೆಳೆದು ಬಂದಿದ್ದು. ಮರಳಿನ ಮೂಟೆ ಹೋಯ್ತು, ಆ ಭಯ ಮಾತ್ರ ಬಾಯಿಂದ ಬಾಯಿಗೆ ಉಳ್ಕೊಂಡಿದೆ.

ಮನೇಲಿ ಮಾಡ್ಕೊಳ್ಳೋ ಒಂದೇ ಒಂದು ಪರೀಕ್ಷೆ ಹೇಳ್ತೀನಿ, ಬೆಳಿಗ್ಗೆ ಕಾಫಿಗೆ ಮುಂಚೆ ಮಾಡಿ. ಗೋಡೆ ಮೇಲಿನ ಕ್ಯಾಲೆಂಡರ್ ಮುಂದೆ ದಿನಾ ಒಂದೇ ಜಾಗದಲ್ಲಿ ನಿಂತ್ಕೊಂಡು ಒಂದು ಕಣ್ಣನ್ನ ಅಂಗೈಯಿಂದ ಒತ್ತದೆ ಮುಚ್ಚಿ, ಮಧ್ಯದ ಒಂದು ತಾರೀಖು ನೋಡ್ತಾ ನಾಲ್ಕೂ ಮೂಲೆ ಕಾಣ್ತಿದೆಯಾ ಗಮನಿಸಿ, ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ಬಿಟ್ಕೊಂಡಿದ್ರೆ ಚೆನ್ನಾಗಿರೋ ಕಣ್ಣು ಕೆಟ್ಟ ಕಣ್ಣಿನ ತಪ್ಪನ್ನ ಮುಚ್ಚಿ ಹಾಕುತ್ತೆ, ಹಾಗಾಗಿಯೇ ಎಷ್ಟೋ ಜನ ತಡವಾಗಿ ಬರೋದು. ಗೆರೆಗಳು ಸ್ವಲ್ಪ ಸೊಟ್ಟ ಕಾಣೋದು, ಅಕ್ಷರ ಚಿಕ್ಕದಾಗಿ ಕಾಣೋದು ಪರದೆಯ ಮಧ್ಯಭಾಗ ಬಿಟ್ಟಿದ್ದವರಿಗೆ ತಿಂಗಳುಗಟ್ಟಲೆ ಇರುತ್ತೆ, ನಿಧಾನಕ್ಕೆ ಸುಧಾರಿಸುತ್ತೆ. ಆದ್ರೆ ನಿನ್ನೆ ಕಾಣ್ತಿದ್ದ ಮೂಲೆ ಇವತ್ತು ಕಾಣಲ್ಲ ಅಂದ್ರೆ, ಹೊಸದಾಗಿ ಮಿಂಚು ಅಥವಾ ಕಪ್ಪು ಚುಕ್ಕಿಗಳ ಮಳೆ ಶುರುವಾದ್ರೆ, ಕಣ್ಣು ಕೆಂಪಾಗಿ ನೋವು ದಿನೇ ದಿನೇ ಏರ್ತಾ ದೃಷ್ಟಿ ಇಳೀತಿದ್ರೆ, ಅಥವಾ ಕಣ್ಣು ನೋವಿನ ಜೊತೆ ಆ ಪಕ್ಕದ ತಲೆ ಸಿಡಿದು ವಾಂತಿ ಬಂದ್ರೆ ಅವತ್ತೇ ಹೋಗ್ಬೇಕು. ಕೊನೆಯದ್ದು ಕಣ್ಣಿನ ಪ್ರೆಶರ್ ಏರಿದ ಗುರುತು, ಜನ ಪಿತ್ತ ಅಂತ ನಿಂಬೆಹಣ್ಣಿನ ಪಾನಕ ಕುಡಿದು ಮಲಗಿಬಿಡ್ತಾರೆ.

ಪೆಟ್ಟು ಜೋರಾಗೇ ಬಿತ್ತು, ಕಣ್ಣಿಂದ ನೀರೋ ರಕ್ತವೋ ಸೋರ್ತಿದೆ ಅಂದ್ರೆ ಒತ್ತಬೇಡಿ, ಬಿಗಿಯಾಗಿ ಬಟ್ಟೆ ಕಟ್ಟಬೇಡಿ, ತೊಳೀಬೇಡಿ. ಆಸ್ಪತ್ರೆಯಲ್ಲಿ ಕೊಟ್ಟ ಪ್ಲಾಸ್ಟಿಕ್ ಶೀಲ್ಡ್ ಅಥವಾ ಒಂದು ಪೇಪರ್ ಲೋಟದ ತಳಭಾಗ ಕತ್ತರಿಸಿ ಮೂಳೆ ಮೇಲೆ ಕೂರೋ ಹಾಗೆ ಅಂಟಿಸಿ ಕರ್ಕೊಂಡು ಹೋಗಿ. ಏನೂ ತಿನ್ನಿಸಬೇಡಿ, ಆಪರೇಶನ್ ಬೇಕಾದ್ರೆ ಹೊಟ್ಟೆ ಖಾಲಿ ಇರ್ಬೇಕು. ಮೊಮ್ಮಗನ್ನ ಎತ್ಕೊಳ್ಳೋದು ಒಂದೆರಡು ತಿಂಗಳು ಬೇಡ, ನೀವು ಕೂತಿರುವಾಗ ಆಪರೇಶನ್ ಆಗದೇ ಇರೋ ಪಕ್ಕಕ್ಕೆ ಕೂರಿಸ್ಕೊಂಡು ಕಥೆ ಹೇಳಿ. ರಾತ್ರಿ ಶೀಲ್ಡ್ ಹಾಕ್ಕೊಂಡೇ ಮಲಗಿ, ಹಗಲು ಕನ್ನಡಕ. ಬೈತಾರೆ ಅಂತ ಡಾಕ್ಟರಿಂದ ಮುಚ್ಚಿಡಬೇಡಿ, ನಮಗೆ ಬೈಯೋಕಿಂತ ಮುಂಚೆ ನೋಡೋ ಆತುರ ಇರುತ್ತೆ.

ಪ್ರಶ್ನೆ: ನಮ್ಮ ಮಾವನಿಗೆ ಮಂಗಳೂರಲ್ಲಿ ಪರದೆ ಆಪರೇಶನ್ ಆಗಿ ಗ್ಯಾಸ್ ಹಾಕಿದ್ದಾರೆ, ಆರು ದಿನ ಆಯ್ತು, ಲಾಡ್ಜಲ್ಲಿ ರೂಮು ಮಾಡ್ಕೊಂಡು ಇದ್ದೀವಿ. ವಿಮಾನದಲ್ಲಿ ಹೋಗಬಾರದು ಅಂದ್ರು, ನಾವು ವಿಮಾನ ಹತ್ತೋರಲ್ಲ ಬಿಡಿ, ಊರು ಮಡಿಕೇರಿ ಹತ್ರ, ಕಾರಲ್ಲಿ ಮೆಲ್ಲಗೆ ಹೋದ್ರೆ ಆಗುತ್ತಲ್ವಾ, ಗುಂಡಿಗೆ ಕಾರು ಎತ್ತಿ ಹಾಕಿದ್ರೆ ಕಣ್ಣಿಗೆ ಪೆಟ್ಟಾಗುತ್ತೇನೋ ಅಂತ ಅಷ್ಟೇ ಯೋಚನೆ.
ಓದುಗರು, ಮಡಿಕೇರಿ

ಉತ್ತರ: ನಿಮ್ಮ ಯೋಚನೆ ಗುಂಡಿ ಬಗ್ಗೆ, ನನ್ನ ಯೋಚನೆ ಘಾಟಿ ಬಗ್ಗೆ. ಕಾರು ಕುಲುಕಿದ್ರೆ ಪರದೆಗೆ ಏನೂ ಆಗಲ್ಲ. ಆದ್ರೆ ಮಂಗಳೂರು ಇರೋದು ಸಮುದ್ರದ ಮಟ್ಟದಲ್ಲಿ, ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿ. ಮೇಲೆ ಹೋದಂಗೆ ಗಾಳಿಯ ಒತ್ತಡ ಕಮ್ಮಿ ಆಗಿ ಮುಚ್ಚಿದ ಜಾಗದಲ್ಲಿರೋ ಗ್ಯಾಸ್ ಹಿಗ್ಗುತ್ತೆ. ಘಾಟಿ ಹತ್ತಿದ ಮೇಲೆ ಬ್ಯಾಗಲ್ಲಿರೋ ಚಿಪ್ಸ್ ಪ್ಯಾಕೆಟ್ ಉಬ್ಬಿಕೊಂಡು ಕೂತಿರುತ್ತಲ್ಲ, ಅದೇ. ಆ ಎತ್ತರಕ್ಕೆ ಗ್ಯಾಸ್ ನೂರಕ್ಕೆ 15 ಪಾಲಿನಷ್ಟು ಹಿಗ್ಗಬೇಕು ಅನ್ನುತ್ತೆ, ಕಣ್ಣು ಪ್ಯಾಕೆಟ್ ಥರ ಉಬ್ಬಲ್ಲ, ಅದರ ಗೋಡೆ ಗಟ್ಟಿ, ಹಾಗಾಗಿ ಒಳಗಿನ ಪ್ರೆಶರ್ ಏರುತ್ತೆ. ತೀರಾ ಏರಿದ್ರೆ ಕಣ್ಣಿಗೆ ರಕ್ತ ಹರಿಯೋದೇ ನಿಂತು, ಕೂಡಿಸಿದ ಪರದೆ ಜಾಗದಲ್ಲೇ ಇದ್ರೂ ದೃಷ್ಟಿ ಶಾಶ್ವತವಾಗಿ ಹೋಗಬಹುದು. ವಿಮಾನದಲ್ಲಿ ಬೇಡ ಅನ್ನೋದೂ ಇದಕ್ಕೇ, ಹಾರುವಾಗ ಕ್ಯಾಬಿನ್ ಒಳಗಿನ ಗಾಳಿ 2400 ಮೀಟರ್ ಬೆಟ್ಟದ ಮೇಲಿದ್ದಷ್ಟು ತೆಳುವಾಗಬಹುದು.

ಆರನೇ ದಿನ ಅಂದ್ರೆ ಕಣ್ಣು ಹೆಚ್ಚು ಕಮ್ಮಿ ಗ್ಯಾಸಿನಿಂದ ತುಂಬಿರುತ್ತೆ, ಈಗ ಬೇಡವೇ ಬೇಡ. ಆಪರೇಶನ್ ಮಾಡಿದವರ ಹತ್ರ ಹೋಗಿ ನಮ್ಮೂರು ಮಡಿಕೇರಿ, ಘಾಟಿ ಹತ್ತಬೇಕು ಅಂತ ಬಾಯಿ ಬಿಟ್ಟು ಹೇಳಿ, ಗ್ಯಾಸ್ ಎಷ್ಟು ಉಳಿದಿದೆ ನೋಡಿ ಯಾವಾಗ ಹೋಗಬಹುದು ಅಂತ ಅವರೇ ಹೇಳ್ತಾರೆ. ವಿಮಾನ ಬೇಡ ಅಂತ ಚೀಟಿಯಲ್ಲಿ ಬರೆದಿರ್ತಾರೆ, ಘಾಟಿ ಅಂತ ಬರೆಯೋದು ಮರೆತುಹೋಗುತ್ತೆ, ಇದು ನಮ್ಮ ಡಾಕ್ಟರುಗಳ ಕಡೆಯ ಕೊರತೆ ಅಂತ ಒಪ್ಪಿಕೊಳ್ತೀನಿ, ಕರಾವಳಿಯಲ್ಲಿ ಆಪರೇಶನ್ ಮಾಡಿಸ್ಕೊಂಡು ಕೊಡಗು, ಚಿಕ್ಕಮಗಳೂರು, ಸಕಲೇಶಪುರಕ್ಕೆ ವಾಪಸ್ ಹೋಗೋರು ಕಮ್ಮಿ ಏನಿಲ್ಲ. ಬೆಂಗಳೂರಲ್ಲೇ ಆಪರೇಶನ್ ಆದವರಿಗೆ ಮೈಸೂರು, ತುಮಕೂರು, ದಾವಣಗೆರೆಗೆ ಹೋಗೋಕೆ ಈ ಭಯ ಇಲ್ಲ, ಬೆಂಗಳೂರೇ 900 ಮೀಟರ್ ಮೇಲಿದೆ. ಊಟಿಗೆ ಹೋಗೋದಾದ್ರೆ ಮಾತ್ರ ಗ್ಯಾಸ್ ಕರಗೋವರೆಗೆ ಬೇಡ. ಗ್ಯಾಸ್ ಬದಲು ಸಿಲಿಕಾನ್ ಎಣ್ಣೆ ಹಾಕಿರೋರಿಗೆ ಘಾಟಿ, ವಿಮಾನ ಯಾವುದೂ ತೊಂದರೆ ಇಲ್ಲ, ಎಣ್ಣೆ ಹಿಗ್ಗಲ್ಲ.

ಇದೇ ಜಾತಿಯ ಇನ್ನೊಂದು ಅಪಾಯ. ಗ್ಯಾಸ್ ಇರುವಾಗ ಬೇರೆ ಯಾವುದೋ ಕಾರಣಕ್ಕೆ, ಬಿದ್ದು ಕಾಲು ಮುರೀತು ಅನ್ನಿ, ಹಲ್ಲಿನದ್ದು ಅನ್ನಿ, ಅರಿವಳಿಕೆ ಕೊಡಬೇಕಾದ್ರೆ ನೈಟ್ರಸ್ ಆಕ್ಸೈಡ್ ಅನ್ನೋ ಅನಿಲ ಕೊಡಬಾರದು, ಅದು ಕಣ್ಣಿನ ಗುಳ್ಳೆಯೊಳಗೆ ಸೇರಿ ನಿಮಿಷಗಳಲ್ಲಿ ಪ್ರೆಶರ್ ಏರಿಸುತ್ತೆ. ಗ್ಯಾಸ್ ಇದೆ ಅಂತ ಬರೆದ ಪಟ್ಟಿಯನ್ನ ಆಸ್ಪತ್ರೆಯಲ್ಲಿ ಕೈಗೆ ಕಟ್ಟಿದ್ರೆ ಸ್ನಾನಕ್ಕೆ ಅಡ್ಡಿ ಅಂತ ಕತ್ತರಿಸಿ ಬಿಸಾಕಬೇಡಿ. ಮಾವನಿಗೆ ಪ್ರಜ್ಞೆ ಇಲ್ಲದಿದ್ರೂ ಅವರ ಪರವಾಗಿ ಮಾತಾಡೋದು ಅದೇ.

ಪ್ರಶ್ನೆ: ಸರ್, ವಯಸ್ಸು 26, ಚಿಕ್ಕಂದಿನಿಂದ ಮೈನಸ್ 9 ಪವರ್. ಹೋದ ವರ್ಷ ಎಡಗಣ್ಣಿಗೆ ಬೆಲ್ಟ್ ಥರ ಏನೋ ಕಟ್ಟಿ ಆಪರೇಶನ್ ಮಾಡಿದ್ರು, ಎಂಟು ತಿಂಗಳಾಯ್ತು, ಚೆನ್ನಾಗಿ ಕಾಣುತ್ತೆ. ಮೊದಲು ಕಬಡ್ಡಿ, ಶಟಲ್ ಎರಡೂ ಆಡ್ತಿದ್ದೆ, ಮತ್ತೆ ಶುರು ಮಾಡ್ಬೋದಾ? ಜಿಮ್‌ಗೆ ಹೋದ್ರೆ ಭಾರ ಎತ್ತಿ ಬೆಲ್ಟ್ ಕಳಚುತ್ತೆ ಅಂತ ಫ್ರೆಂಡ್ ಹೆದರಿಸ್ತಾನೆ.
ಓದುಗರು, ದಾವಣಗೆರೆ

ಉತ್ತರ: ಬೆಲ್ಟ್ ಅಂದ್ರೆ ಸಿಲಿಕಾನ್ ಪಟ್ಟಿ, ಕಣ್ಣಿನ ಹೊರಗೋಡೆಗೆ ಸುತ್ತಿ ಹೊಲಿದಿರ್ತಾರೆ, ಗೋಡೆಯನ್ನ ಒಳಗೆ ತಳ್ಳಿ ಪರದೆಗೆ ಹತ್ರ ತರೋದು ಅದರ ಕೆಲಸ. ಬಹುತೇಕ ಜೀವನ ಪೂರ್ತಿ ಅಲ್ಲೇ ಇರುತ್ತೆ, ಜಿಮ್‌ನಲ್ಲಿ ಭಾರ ಎತ್ತಿದ್ರೆ ಕಳಚಲ್ಲ. ನಿಮ್ಮ ಡಾಕ್ಟ್ರು ಒಂದ್ಸಲ ನೋಡಿ ಸರಿ ಅಂದ್ರೆ ಮಿತವಾಗಿ ಶುರು ಮಾಡಿ.

ಕಬಡ್ಡಿ ಬೇಡ ತಮ್ಮಾ. ಇದನ್ನ ಹೇಳೋಕೆ ನನಗೂ ಸಂಕಟ ಆಗುತ್ತೆ, ಆದ್ರೆ ರೈಡರ್‌ನ ಹಿಡಿಯೋ ರಭಸದಲ್ಲಿ ಮೊಣಕೈ, ಮಂಡಿ, ತಲೆ ಎಲ್ಲಿಗೆ ಬಡಿಯುತ್ತೆ ಅಂತ ಯಾರ ಕೈಯಲ್ಲೂ ಇರಲ್ಲ, ಕನ್ನಡಕ ಹಾಕ್ಕೊಂಡು ಆಡೋ ಆಟವೂ ಅಲ್ಲ. ಬಾಕ್ಸಿಂಗ್, ಕುಸ್ತಿ, ಚಿನ್ನಿದಾಂಡು ಕೂಡ ಅದೇ ಸಾಲಿಗೆ. ಶಟಲ್ ಆಡಿ, ಆದ್ರೆ ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಸ್ಪೋರ್ಟ್ಸ್ ಕನ್ನಡಕ ಇಲ್ಲದೆ ಕೋರ್ಟಿಗೆ ಇಳೀಬೇಡಿ. ಫುಟ್‌ಬಾಲ್ ದೊಡ್ಡದು, ಕಣ್ಣಿನ ಸುತ್ತ ಇರೋ ಮೂಳೆ ಅದನ್ನ ಸ್ವಲ್ಪವಾದ್ರೂ ತಡೆಯುತ್ತೆ, ಶಟಲ್ ಕಾಕಿನ ಮುಂದಿನ ಬಿರಡೆ ಸರಿಯಾಗಿ ಕಣ್ಣಿನ ಗುಳಿಗೆ ಕೂರೋ ಅಳತೆ, ಮೂಳೆಗೆ ತಾಗದೆ ಸೀದಾ ಕಣ್ಣಿಗೇ ಬರುತ್ತೆ. ಡಬಲ್ಸ್‌ನಲ್ಲಿ ಮುಂದೆ ನಿಂತವನು ಹಿಂದಿರುಗಿ ನೋಡಿದಾಗ ಪಾರ್ಟ್ನರ್ ಹೊಡೆದ ಸ್ಮ್ಯಾಶ್ ಕಣ್ಣಿಗೆ ಬಿದ್ದಿದ್ದು ಎಷ್ಟೋ ಸಲ ನೋಡಿದೀನಿ. ಮಾಮೂಲಿ ಕನ್ನಡಕದ ಗಾಜು ಅಂಥ ಪೆಟ್ಟಿಗೆ ಒಡೆದು ಚೂರು ಕಣ್ಣಿಗೇ ಹೋಗಬಹುದು, ಅದಕ್ಕೇ ಪಾಲಿಕಾರ್ಬೊನೇಟ್ ಅಂತ ಒತ್ತಿ ಹೇಳ್ತಿರೋದು.

ಇನ್ನೊಂದು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ನಿಮ್ಮ ಬಲಗಣ್ಣು ಯಾರಾದ್ರೂ ನೋಡಿದ್ದಾರಾ? ಮೈನಸ್ ಪವರ್ ಜಾಸ್ತಿ ಇದ್ರೆ ಕಣ್ಣಿನ ಗುಡ್ಡೆ ಉದ್ದವಾಗಿ, ಪರದೆ ಜಗ್ಗಿ ತೆಳುವಾಗಿರುತ್ತೆ, ಒಂದು ಕಣ್ಣಿಗೆ ಬಂದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮುಂದೆ ಇನ್ನೊಂದಕ್ಕೂ ಬರುತ್ತೆ. ಅಂಚಿನಲ್ಲಿ ತೂತೋ ತೆಳುವಾದ ಜಾಗವೋ ಸಿಕ್ಕಿದ್ರೆ ಅಗತ್ಯ ನೋಡಿ ಲೇಸರ್ ಹಾಕ್ತಾರೆ, ಅಡ್ಮಿಟ್ ಆಗೋದು ಬೇಡ, ಕೂತಲ್ಲೇ ಕೆಲವು ನಿಮಿಷದ ಕೆಲಸ. ಪೆಟ್ಟಿನಿಂದ ಹರಿದ ಪರದೆ ಅವತ್ತೇ ಬಿಡಬೇಕು ಅಂತಿಲ್ಲ, ನಿಮ್ಮ ವಯಸ್ಸಿನವರ ಕಣ್ಣಲ್ಲಿ ಜೆಲ್ ಇನ್ನೂ ಗಟ್ಟಿ ಇರೋದ್ರಿಂದ ನೀರು ನಿಧಾನಕ್ಕೆ ನುಗ್ಗುತ್ತೆ, ಕೆಲವರಿಗೆ ಪೆಟ್ಟು ಬಿದ್ದು ತಿಂಗಳುಗಳಾದ್ಮೇಲೆ ನೆರಳು ಕಾಣಿಸ್ಕೊಳ್ಳುತ್ತೆ, ಅಷ್ಟೊತ್ತಿಗೆ ಪೆಟ್ಟು ಬಿದ್ದಿದ್ದೇ ಮರೆತಿರ್ತಾರೆ. ಹಾಗಾಗಿ ಮುಂದೆ ಯಾವಾಗಾದ್ರೂ ಯಾವ ಕಣ್ಣಿಗಾದ್ರೂ ಏಟು ಬಿದ್ರೆ ಅವತ್ತು ಒಂದ್ಸಲ ತೋರಿಸಿ, ಮತ್ತೆ ಯಾವಾಗ ಬರಬೇಕು ಅಂತ ಕೇಳ್ಕೊಂಡು ಬನ್ನಿ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ಕಣ್ಣಿಗೆ ಎಣ್ಣೆ ಹಾಕಿ ಎರಡು ತಿಂಗಳಾಯ್ತು, ತೆಗೆಯೋಕೆ ಇನ್ನೂ ದಿನ ಇದೆ. ಮಳೆಗಾಲ ಬಂತು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು, ಮರ ಹತ್ತೋ ಕೊನೆಗೌಡ್ರು ಸಿಗೋದೇ ಕಷ್ಟ, ಅವರು ಬಂದ ದಿನ ಕೆಳಗೆ ನಾನು ನಿಲ್ಲಲೇಬೇಕು. ಕಣ್ಣಿಗೆ ಹಾರಿದ್ರೆ ಏನು ಮಾಡ್ಬೇಕು? ಮನೇಲಿ ಅಮ್ಮ ನಂದಿಬಟ್ಟಲು ಹೂವಿನ ರಸ ಬಿಟ್ಟುಕೋ ತಂಪು ಅಂತಾರೆ.
ಓದುಗರು, ಸಿರಸಿ

ಉತ್ತರ: ಬೋರ್ಡೋ ಅಂದ್ರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮೈಲುತುತ್ತಿಗಿಂತ ನನಗೆ ಭಯ ಸುಣ್ಣದ್ದು. ಆಸಿಡ್ ಹಾರಿದ್ರೆ ಮೇಲ್ಪದರ ಸುಟ್ಟು ಅಲ್ಲಿಗೇ ನಿಲ್ಲೋದು ಹೆಚ್ಚು, ಸುಣ್ಣ ಹಾಗಲ್ಲ, ಕರಗಿಸ್ತಾ ಕರಗಿಸ್ತಾ ಒಳಗೆ ಇಳಿಯುತ್ತೆ. ಸುಣ್ಣ ಬೇಯಿಸೋ ಕೆಲಸದ ಹತ್ರ ನೀವು ಹೋಗಲೇಬೇಡಿ, ಬೇರೆ ಯಾರಿಗಾದ್ರೂ ಬಿಡಿ, ಅವರಿಗೂ ಪಕ್ಕ ಮುಚ್ಚಿರೋ ಕನ್ನಡಕ ಕೊಡಿ. ಮರದ ಕೆಳಗೆ ನಿಂತು ಮೇಲೆ ನೋಡೋದು ಈ ವರ್ಷ ಬೇಡ. ಮಗನೋ ಭಾವನೋ ನಿಲ್ಲಲಿ, ಲೆಕ್ಕ ನೀವು ಜಗಲಿಯಲ್ಲಿ ಕೂತು ಬರೀಬಹುದು.

ಆದ್ರೂ ಹಾರಿತು ಅನ್ನಿ, ಆಪರೇಶನ್ ಆದ ಕಣ್ಣು ನೀರು ತಾಗಿಸಬಾರದು ಅಂತ ಹೇಳಿದ್ದಾರೆ ಅಂತ ಯೋಚಿಸ್ತಾ ನಿಲ್ಲಬೇಡಿ. ಹಾರಿದ ಜಾಗದಲ್ಲೇ, ಆ ಕ್ಷಣವೇ ಕುಡಿಯೋ ನೀರನ್ನ ಮಗ್ಗಿನಿಂದ ಸಣ್ಣಗೆ ಹರಿಸ್ತಾ ಕನಿಷ್ಠ 20, 30 ನಿಮಿಷ ತೊಳೀರಿ, ರೆಪ್ಪೆ ಬೇರೆಯವರ ಕೈಯಿಂದ ಬಿಡಿಸಿಕೊಂಡು. ಸುಣ್ಣದ ಹರಳು ರೆಪ್ಪೆ ಒಳಗೆ ಸಿಕ್ಕಿಕೊಂಡಿದ್ರೆ ಒದ್ದೆ ಬಟ್ಟೆ ತುದಿಯಿಂದ ತೆಗೀರಿ. ಆಮೇಲೆ ಗಾಡಿ ಹತ್ತಿ. ಮೊದಲ ನಿಮಿಷದ ನೀರು ಮಾಡೋ ಕೆಲಸ ಆಮೇಲೆ ಎಷ್ಟು ದುಡ್ಡು ಸುರಿದ್ರೂ ಆಗಲ್ಲ. ಮುಂಚೆ ಹೇಳಿದ ತೊಳೀಬೇಡಿ ಅನ್ನೋ ಮಾತು ಕಣ್ಣು ಒಡೆದ ಪೆಟ್ಟಿಗೆ, ಇದಕ್ಕಲ್ಲ.

ನಂದಿಬಟ್ಟಲು ಬೇಡ. ಅಮ್ಮನ ಪ್ರೀತಿಗೆ ನಾನು ಅಡ್ಡ ಬರ್ತಿಲ್ಲ, ಆದ್ರೆ ಗಿಡದಿಂದ ಕಿತ್ತ ಹೂವಿನ ರಸದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಎಲ್ಲಾ ಇರುತ್ತೆ, ನೀವು ಹಾಕ್ತಿರೋ ಡ್ರಾಪ್ಸಿನಲ್ಲಿ ಸ್ಟಿರಾಯ್ಡ್ ಇದ್ರೆ ಸೋಂಕು ತಡೆಯೋ ಶಕ್ತಿ ಕಣ್ಣಿಗೆ ಇನ್ನೂ ಕಮ್ಮಿ. ಎದೆಹಾಲು, ಜೇನುತುಪ್ಪ, ಹರಳೆಣ್ಣೆ ಕೂಡ ಬೇಡ. ಸೋಗೆಯೋ ಹುಲ್ಲೋ ಕಣ್ಣಿಗೆ ಗೀರಿದ್ರೆ ಸಣ್ಣ ಗೀರು ಅಂತ ಬಿಡಬೇಡಿ, ಮಲೆನಾಡಿನ ಮಳೆಯಲ್ಲಿ ಹಸಿರು ಗೀರಿದ ಗಾಯಕ್ಕೆ ಬೂಷ್ಟು ಹತ್ತೋದು ಬೇಗ, ಬಿಳಿ ಚುಕ್ಕೆ ಬಂದ್ಮೇಲೆ ವಾಸಿ ಮಾಡೋಕೆ ತಿಂಗಳುಗಟ್ಟಲೆ ಬೇಕು. ಎಣ್ಣೆ ತೆಗೆಯೋ ತಾರೀಖನ್ನ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು, ಕೊಯ್ಲು ಮುಗೀಲಿ ಅಂತ ಮುಂದೂಡಬೇಡಿ, ಹೆಚ್ಚು ದಿನ ಬಿಟ್ರೆ ಪ್ರೆಶರ್ ಏರೋದು, ಕರಿಗುಡ್ಡೆ ಬಿಳಿಯಾಗೋದು ಎಲ್ಲಾ ಶುರುವಾಗುತ್ತೆ.

ಪ್ರಶ್ನೆ: ನನ್ನ ಆಪರೇಶನ್ ಆದ ಹನ್ನೆರಡನೇ ದಿನ ಯಜಮಾನ್ರು ತೀರಿಕೊಂಡ್ರು. ಅಳಬೇಡ, ಕಣ್ಣು ಹೋಗುತ್ತೆ ಅಂತ ಎಲ್ರೂ ಬಾಯಿ ಮುಚ್ಚಿಸ್ತಾರೆ. ಅತ್ತು ಅತ್ತು ಕಣ್ಣು ಕೆಂಪಾಗಿದೆ, ಪರದೆಗೆ ಏನಾದ್ರೂ ಆಗಿರುತ್ತಾ?
ಓದುಗರು, ಗದಗ

ಉತ್ತರ: ಅಳಿ ಅಮ್ಮ. ಕಣ್ಣೀರು ಬರೋದು ಕಣ್ಣಿನ ಹೊರಗಿನಿಂದ, ಮೇಲ್ರೆಪ್ಪೆಯ ಪಕ್ಕದ ಗ್ರಂಥಿಯಿಂದ, ಪರದೆ ಇರೋದು ಒಳಗೆ ಹಿಂದುಗಡೆ, ಇದಕ್ಕೂ ಅದಕ್ಕೂ ದಾರಿಯೇ ಇಲ್ಲ. ಬಿಕ್ಕಿ ಬಿಕ್ಕಿ ಅತ್ರೂ ಬೆಸುಗೆ ಬಿಡಲ್ಲ. ಬಾಯಿ ಮುಚ್ಚಿಸೋರಿಗೆ ಈ ಪುಟ ತೋರಿಸಿ, ಡಾಕ್ಟ್ರೇ ಹೇಳಿದ್ದಾರೆ ಅನ್ನಿ.

ಕೆಂಪು ಅತ್ತಿದ್ದಕ್ಕೂ ಇರಬಹುದು, ಆದ್ರೆ ಮನೇಲಿ ಕೂತು ಹೇಳೋಕಾಗಲ್ಲ, ಹನ್ನೆರಡನೇ ದಿನದಿಂದ ಈಚೆಗೆ ನೀವು ಚೆಕಪ್‌ಗೂ ಹೋಗಿರಲಿಕ್ಕಿಲ್ಲ, ಡ್ರಾಪ್ಸೂ ತಪ್ಪಿರಬಹುದು. ಮಕ್ಕಳಲ್ಲಿ ಒಬ್ಬರು ನಾಳೆಯೇ ಕರ್ಕೊಂಡು ಹೋಗ್ಲಿ, ಸೂತಕ ಅಂತ ನಿಲ್ಲಿಸಬೇಡಿ. ಅಲ್ಲಿವರೆಗೆ ಸೆರಗಿನಿಂದ ಕಣ್ಣು ಉಜ್ಜಬೇಡಿ, ಒಗೆದ ಹತ್ತಿ ಬಟ್ಟೆ ಎರಡು ಮೂರು ತುಂಡು ಹತ್ರ ಇಟ್ಕೊಂಡು ಕೆನ್ನೆ ಮೇಲೆ ಇಳಿದ ನೀರು ಮಾತ್ರ ಒರೆಸಿಕೊಳ್ಳಿ, ಕಣ್ಣು ಮುಟ್ಟಬೇಡಿ. ನೀರು ತಲೆ ಮೇಲೆ ಸುರಿಯೋ ಶಾಸ್ತ್ರ ಏನಾದ್ರೂ ಬಾಕಿ ಇದ್ರೆ ಕುತ್ತಿಗೆಯಿಂದ ಕೆಳಗೆ ಮಾಡಿಸಿಕೊಳ್ಳಿ, ಪುರೋಹಿತರಿಗೆ ಹೇಳಿದ್ರೆ ಒಪ್ಪುತ್ತಾರೆ. ಡ್ರಾಪ್ಸ್ ಹಾಕಿದ ತಕ್ಷಣ ಅಳು ಬಂದು ಔಷಧಿ ಎಲ್ಲಾ ಹರಿದು ಹೋಯ್ತು ಅನಿಸಿದ್ರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹನಿ ಹಾಕ್ಕೊಳ್ಳಿ, ಜಾಸ್ತಿ ಆಗಲ್ಲ.